ಸದನಕ್ಕಿಂತ ಮೊದಲು ನುಡಿದವರು

ಸಂಸತ್ತಿನ ಮಾತನ್ನು ಕನ್ನಡಕ್ಕೆ ತಂದವರ ಸಾಲು ದೊಡ್ಡದೇನಲ್ಲ. ಆ ಸಾಲಿನಲ್ಲಿ ಮಗ್ಗೆಯ ಶ್ರೀ ಮೃತ್ಯುಂಜಯ ಅವರದು ಎದ್ದು ಕಾಣುವ ಹೆಸರು ಎಂದರೆ ಅವರೇ ನಕ್ಕುಬಿಡುತ್ತಾರೆ. ಭಾಷಾಂತರಕಾರ ಎದ್ದು ಕಾಣಲೇಬಾರದಷ್ಟೆ. ಸದನದ ಮೇಲಿನ ಗಾಜಿನ ಗೂಡಿನಲ್ಲಿ ಕುಳಿತು, ಕಿವಿಗೆ ಬಿದ್ದದ್ದನ್ನು ಬೀಳುತ್ತಿದ್ದಂತೆಯೇ ಕನ್ನಡದಲ್ಲಿ ನುಡಿಯುವುದು ಅವರ ಉದ್ಯೋಗ. ಆ ಉದ್ಯೋಗದಲ್ಲೊಂದು ಕಟ್ಟುನಿಟ್ಟಿದೆ. ಮಾತನಾಡುವವರು ಯಾರೇ ಇರಲಿ, ‘ಅವರು ವಿರೋಧಿಸುತ್ತಾರೆ’ ಎನ್ನುವಂತಿಲ್ಲ. ‘ನಾನು ವಿರೋಧಿಸುತ್ತೇನೆ’ ಎಂದೇ ಹೇಳಬೇಕು. ಹೀಗೆ ಎಲ್ಲ ಪಕ್ಷಗಳ ‘ನಾನು’ ಆಗಿದ್ದ ಈ ಹಿರಿಯರು ನಿವೃತ್ತರಾಗಿ ಊರು ಸೇರಿದ್ದಾರೆ.

ಯಸಳೂರಿನ ಕಾಫಿ ಎಸ್ಟೇಟಿನಲ್ಲಿ ಅವರ ಸೋದರಮಾವ ದೇವೀರಪ್ಪನವರು ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಲೇಜಿನ ರಜೆಯಲ್ಲಿ ಕೂಲಿಯಾಳುಗಳ ಲೈನ್ ಮನೆಗಳ ತಮಿಳನ್ನು ಮಾವನಿಗೂ, ಮಾವನ ಕನ್ನಡವನ್ನು ಲೈನಿಗೂ ದಾಟಿಸುತ್ತಾ ಪಳಗಿದ ನಾಲಿಗೆ ಅದು. ಕಿರಿಯ ಸಹೋದ್ಯೋಗಿ ತನುಜಾ ಅವರಿಗೆ ದೆಹಲಿಯಲ್ಲಿ ಮೊದಲ ದಿನವೇ ಗಂಟಲು ಕಟ್ಟಿದಾಗ, ಊರಿನಿಂದ ತಂದಿಟ್ಟುಕೊಂಡಿದ್ದ ಕರಿಮೆಣಸಿನ ಕಷಾಯ ಕುಡಿಸಿ, ಆಕೆಯ ಪಾಳಿಯನ್ನೂ ತಾವೇ ಮುಗಿಸಿಕೊಟ್ಟರು. ಆಕೆ ಇಂದಿಗೂ ಅದನ್ನು ಮರೆತಿಲ್ಲ.

ಅವರ ಸೇವೆಯ ಉದ್ದಕ್ಕೂ ಬಿಡದೆ ಹಿಂಬಾಲಿಸಿದ್ದು ಒಂದೇ ಜಗಳ. ಚುನಾವಣೆಯಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿಯಿದೆ, ಪಕ್ಷದ ಖರ್ಚಿಗಿಲ್ಲ. ಪಕ್ಷಕ್ಕೂ ಮಿತಿ ಬೇಕೆಂದು ವಿರೋಧಿಗಳು ಗುಡುಗುತ್ತಿದ್ದರು, ಬೇಡವೆಂದು ಆಳುವವರು ತಳ್ಳಿಹಾಕುತ್ತಿದ್ದರು. ಸರ್ಕಾರ ಬದಲಾಯಿತು. ಬೇಕು ಎಂದಿದ್ದವರು ಅಧಿಕಾರದ ಸಾಲಿಗೆ ಬಂದು ಬೇಡ ಎಂದರು. ಬೇಡ ಎಂದಿದ್ದವರು ಎದುರಿಗೆ ಹೋಗಿ ಬೇಕು ಎಂದರು. ಮತ್ತೆ ಬದಲಾಯಿತು, ಮತ್ತೆ ಅದೇ ಆಯಿತು. ನಾಚಿಕೆ ಎಂಬುದು ಯಾವ ಸಾಲಿನಲ್ಲೂ ಕುಳಿತಿರಲಿಲ್ಲ.

ಅಂಥದೊಂದು ಮಧ್ಯಾಹ್ನ ಮೃತ್ಯುಂಜಯರು ಎಂದಿನಂತೆ ನುಡಿಯುತ್ತಿದ್ದಾಗ ಪಕ್ಕದಲ್ಲಿದ್ದ ತನುಜಾ ಮೆಲ್ಲಗೆ ಅವರ ಮೊಣಕೈ ಮುಟ್ಟಿದರು.

“ಸರ್, ಅವರಿನ್ನೂ ಬಾಯೇ ತೆಗೆದಿಲ್ಲ.”

ಕೆಳಗೆ ಮಾತನಾಡಬೇಕಿದ್ದ ಸದಸ್ಯರೊಬ್ಬರು ಎದ್ದು ನಿಂತು ನೀರು ಕುಡಿಯುತ್ತಿದ್ದರು. ಲೋಟವಿಟ್ಟು, ತುಟಿ ಒರೆಸಿಕೊಂಡು ಆರಂಭಿಸಿದರು. ಮೃತ್ಯುಂಜಯರು ಆಗಲೇ ಹೇಳಿ ಮುಗಿಸಿದ್ದ ಮಾತೇ ಒಂದಕ್ಷರವೂ ತಪ್ಪದೆ ಬಂತು.

“ಕೇಳಿ ಕೇಳಿ ಬಾಯಿಪಾಠ ಆಗ್ಬುಟ್ಟೈತೆ ಕಣಮ್ಮ,” ಎಂದು ಅವರು ನಕ್ಕರು. ಆದರೆ ಭಾಷಣದ ನಡುವೆ ಸದಸ್ಯರು ಕೆಮ್ಮಿದರು. ಮೃತ್ಯುಂಜಯರು ಅದೇ ಜಾಗದಲ್ಲಿ ಮೊದಲೇ ಕೆಮ್ಮಿದ್ದರು. ಆಮೇಲೆ ಗೂಡಿನಲ್ಲಿ ಇಬ್ಬರೂ ನಗಲಿಲ್ಲ.

ಮುಂದಿನ ರಜೆಯಲ್ಲಿ ಮಗ್ಗೆಗೆ ಬಂದಾಗ ಮನೆಯಲ್ಲೊಂದು ಪ್ರಶ್ನೆ ಕಾದಿತ್ತು. ಮಗಳು ಸುಮನಾ ಪಾಳ್ಯದ ಪ್ರವೀಣನನ್ನು ಮೆಚ್ಚಿದ್ದಳು. ಹುಡುಗ ಬೇರೆ ಜಾತಿಯವನು, ನೆಂಟರಿಷ್ಟರು ಸಿಡಿಮಿಡಿಗೊಂಡಿದ್ದರು. ಅಪ್ಪನ ಒಂದು ಮಾತಿಗಾಗಿ ಆಕೆ ಕಾದು ಕುಳಿತಿದ್ದಳು. ಅವರು ಮದುವೆಯ ಪರವಾಗಿ ಮನಮುಟ್ಟುವಂತೆ ಮಾತನಾಡಿದರು. ಉಸಿರು ತೆಗೆದುಕೊಂಡು, ಅಷ್ಟೇ ಚೆನ್ನಾಗಿ ವಿರುದ್ಧವೂ ಮಾತನಾಡಿದರು. ಎರಡರಲ್ಲೂ ‘ನಾನು’ ಇತ್ತು.

“ಅಪ್ಪಾ, ಇದ್ರಾಗೆ ನಿಂದ್ಯಾವ್ದು?” ಎಂದಳು ಸುಮನಾ.

ಅವರು ಬಾಯಿ ತೆರೆದರು. ಟಿ.ವಿ.ಯಲ್ಲಿ ಕಲಾಪ ನಡೆದಿತ್ತು. ತನುಜಾ ಅವರ ಕನ್ನಡ ಕೇಳುತ್ತಿತ್ತು. ಮೃತ್ಯುಂಜಯರ ತುಟಿ ಅಲುಗತೊಡಗಿತು. ಅವರು ಪಿಸುಗುಟ್ಟಿದ ಮಾತು, ಅವರು ಪಿಸುಗುಟ್ಟಿದ ಮೇಲೆ, ಟಿ.ವಿ.ಯಿಂದ ಬಂತು. ಮಡದಿ ಜಗದಾಂಬ ಹೆದರಿ ಟಿ.ವಿ. ಆರಿಸಿದರು. ಪಿಸುಮಾತು ಆರಲಿಲ್ಲ. ಕಿಟಕಿಯಾಚೆ ಮಂಜು ಇಳಿಯುತ್ತಿತ್ತು, ಗಂಡನ ಬಾಯಲ್ಲಿ ಯಾರೋ ಸಭಾಧ್ಯಕ್ಷರಿಗೆ ವಂದಿಸುತ್ತಿದ್ದರು.

“ನಾನೆಲ್ಲಿ ಹೋಗ್ಬುಟ್ನೋ ಗೊತ್ತಾಗ್ತಿಲ್ಲ ಕಣೇ,” ಎಂದರು, ಅದು ನಿಂತ ಮೇಲೆ. ಅವರು ಹಾಗೆ ಅಳುಕಿದ್ದನ್ನು ಜಗದಾಂಬ ಎಂದೂ ಕಂಡಿರಲಿಲ್ಲ.

ನಿವೃತ್ತಿಯ ತಿಂಗಳಲ್ಲಿ ಪಕ್ಷದ ಖರ್ಚಿನ ಅದೇ ಮಿತಿಯ ತಿದ್ದುಪಡಿ ಮತಕ್ಕೆ ಬಂತು. ಅದನ್ನು ತಂದವರೇ ಬೇರೇನೋ ನೆಪ ಹಿಡಿದು ಸಭಾತ್ಯಾಗ ಮಾಡಿದರು. ಗೆದ್ದರೆ ತಮಗೂ ತೊಡಕೆಂದು ಅವರಿಗೆ ಗೊತ್ತಿತ್ತು. ಪೀಠದಿಂದ ಕರೆ ಬಂತು. “ಪರವಾಗಿರುವವರು ಹೌದು ಎನ್ನಿ,” ಎಂದು ಮೃತ್ಯುಂಜಯರು ಕನ್ನಡಿಸಿದರು. ಮರುಕ್ಷಣವೇ ಅವರ ಬಾಯಿಂದ ಇನ್ನೊಂದು ಮಾತು ಬಂತು.

“ಹೌದು.”

ತಮ್ಮ ಮಾತಿನ ಹಿಂದೆಯೇ ಸದನದ ‘ಹೌದು’ ಬರಲೆಂದು ಅವರು ಕಾದರು. ಇಷ್ಟು ವರ್ಷ ಸದನದ ಮಾತು ಹಾಗೆ ಬರುತ್ತಲೇ ಇತ್ತಲ್ಲ. ಕೆಳಗಿನ ಖಾಲಿ ಸಾಲುಗಳಿಂದ ಸದ್ದಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಕನ್ನಡದಲ್ಲಿ ಮಾತ್ರ ಯಾರೋ ಒಬ್ಬರು ಒಪ್ಪಿದ್ದರು. ಯಾರ ಮಾತಿದು ಎಂದು ಮೇಲಧಿಕಾರಿ ಕೇಳಿದಾಗ, ಬಾಯಿ ತಪ್ಪಿತೆಂದು ಹೇಳಿ ಪಾರಾಗಬಹುದಿತ್ತು. ಅವರು “ನನ್ನದು” ಎಂದರು. ತನುಜಾ ಹೇಳುವಂತೆ, ಎಚ್ಚರಿಕೆಯ ಪತ್ರ ಪಡೆದು ಅಷ್ಟು ಖುಷಿಪಟ್ಟವರನ್ನು ಆ ಕಚೇರಿ ಕಂಡಿಲ್ಲ.

ಊರಿಗೆ ಬಂದ ದಿನ ಸುಮನಾ ಮತ್ತೆ ಕೇಳಿದಳು. ಪ್ರಶ್ನೆ ಮುಗಿಯುವವರೆಗೂ ಅವರು ಕಾದರು. ಮುಗಿದ ಮೇಲೂ ಕಾದರು, ತಮ್ಮೊಳಗಿಂದ ಇನ್ಯಾರಾದರೂ ಉತ್ತರಿಸಿಯಾರು ಎಂದು. ಯಾರೂ ಉತ್ತರಿಸಲಿಲ್ಲ.

“ಆಗ್ಲಿ ಕಣವ್ವ,” ಎಂದರು. “ನಾನು ಒಪ್ಪಿದೀನಿ.”

ಶ್ರೀಯುತರು ನೂರ್ಕಾಲ ಬಾಳಲಿ, ಕಿರಿಯರಿಗೆ ಕಲಿಸುವ ಕೆಲಸ ಮುಂದುವರಿಸಲಿ. ಈಗಲೂ ಒಮ್ಮೊಮ್ಮೆ ಕಲಾಪದ ಹೊತ್ತಿಗೆ ಅವರ ತುಟಿ ಅಲುಗುತ್ತದಂತೆ. ಆಗ ಮಗಳು “ಅಪ್ಪಾ” ಎಂದು ಕೂಗುತ್ತಾಳೆ, ಅವರು “ಓ” ಎನ್ನುತ್ತಾರೆ. ಕರೆದ ಮೇಲೆಯೇ ಬರುವ ಆ ಓಗೊಡುವಿಕೆ ಈ ಮನೆಗೆ ಬಹುಕಾಲ ಕೇಳಿಸುತ್ತಿರಲಿ.