ಹಗೇವಿನ ಬಾಯಿಗೆ ಕೂತ ಅಕ್ಕ

ನಾನು ಚಿಕ್ಕವಳಿದ್ದಾಗ ಇಜೇರಿಯ ನಮ್ಮ ಮನೆಯ ಜೋಳ ನೆಲದ ಕೆಳಗೆ ಮಲಗಿರುತ್ತಿತ್ತು. ಅಂಗಳದಲ್ಲಿ ಒಂದು ಆಳವಾದ ಗುಂಡಿ. ಒಳಗೆಲ್ಲ ಒಣಹುಲ್ಲಿನ ಗೋಡೆ, ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ. ಅದಕ್ಕೆ ಹಗೇವು ಎನ್ನುತ್ತಿದ್ದೆವು. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ಜೋಳ ಇಲಿಗೂ ಸಿಗದು, ಹುಳಕ್ಕೂ ಸಿಗದು. ಆದರೆ ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನ ತಳದಲ್ಲಿ ಗಾಳಿ ಕೆಟ್ಟಿರುತ್ತದೆ. ಇಳಿದವರಿಗೆ ಗೊತ್ತಾಗುವ ಮೊದಲೇ ಜೀವ ಹೋಗಬಹುದು.

ಅದಕ್ಕೇ ನಮ್ಮಲ್ಲಿ ಒಂದು ರೂಢಿ ಇತ್ತು. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಇಳಿಸುತ್ತಿದ್ದರು. ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿಯುವವರ ಕಂಕುಳಿಗೆ ಕಟ್ಟಿದ ಹಗ್ಗವನ್ನು ಮೇಲೆ ಒಬ್ಬರು ಹಿಡಿಯುತ್ತಿದ್ದರು. ಇನ್ನೊಬ್ಬರು ಬಾಯಿಗೆ ಕೂತು ಒಳಗಿನವರನ್ನು ಮಾತಾಡಿಸುತ್ತಲೇ ಇರಬೇಕು. ಏನೇ ಆಗಲಿ, ಬಾಯಿಗೆ ಕೂತವರು ಎದ್ದುಹೋಗುವಂತಿಲ್ಲ, ಒಳಗೂ ಇಳಿಯುವಂತಿಲ್ಲ.

ಬಾಯಿಗೆ ಕೂರುವ ಕೆಲಸ ನಮ್ಮ ಅಕ್ಕನದು. ಅವಳು ಕೂಗಿದರೆ ಓಣಿಯ ಆ ತುದಿಯ ಎಮ್ಮೆಯೂ ತಲೆಯೆತ್ತಿ ನೋಡುತ್ತಿತ್ತು. "ಮೆಲ್ಲಗ ಮಾತಾಡ ಬೇ, ಈ ದನಿ ಕೇಳಿ ನಿನ್ನ ಯಾರು ಮದವಿ ಮಾಡ್ಕೋತಾರ?" ಎಂದು ಅವ್ವ ದಿನಾ ಬೈಯುತ್ತಿದ್ದಳು.

ಆ ದಿನ ಸಂಜೆ ಅಕ್ಕನನ್ನು ನೋಡಲು ಕರಜಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಮನೆಯೊಳಗೆ ಜೋಳ ತೀರಿತ್ತು. ಹಗೇವು ತೆಗೆದು, ಹಿಟ್ಟು ಬೀಸಿಸಿ, ಅಷ್ಟೂ ಜನಕ್ಕೆ ರೊಟ್ಟಿ ಬಡಿಯಬೇಕು. ಅಪ್ಪನ ತಮ್ಮ, ನಮ್ಮ ಕಾಕಾನಿಗೆ ವಿಪರೀತ ಅವಸರ. ಕಂದೀಲು ಅರ್ಧ ಆಳದಲ್ಲಿ ಚೆನ್ನಾಗಿ ಉರಿಯುತ್ತಿದ್ದುದನ್ನು ಕಂಡು, "ಸಾಕ್ ಬಿಡಣ್ಣಾ, ಉರಿಯಾಕತ್ತದಲ್ಲ" ಎಂದವನೇ ಕಂಕುಳಿಗೆ ಹಗ್ಗ ಬಿಗಿದು ಅದರ ತುದಿಯನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಗೊಣಗುತ್ತಿದ್ದಂತೆಯೇ ಇಳಿದೂಬಿಟ್ಟ.

ಹುಳಿ ವಾಸನೆಯ ಬೆಚ್ಚನೆ ಜೋಳ ಬುಟ್ಟಿ ಬುಟ್ಟಿಯಾಗಿ ಮೇಲೆ ಬಂತು.

"ಕಾಕಾ, ಏನ್ ಮಾಡಾಕತ್ತೀರಿ?" ಎಂದು ಅಕ್ಕ ಕೂಗಿದಳು.

"ನಿನ್ನ ಗಂಡಗ ಜೋಳ ತುಂಬಾಕತ್ತೇನಿ!"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅಷ್ಟರಲ್ಲಿ, ಸಂಜೆ ಬರಬೇಕಾದವರು ಮಧ್ಯಾಹ್ನದ ಬಸ್ಸಿಗೇ ಬಂದಿಳಿದು ಅಂಗಳಕ್ಕೆ ಕಾಲಿಟ್ಟರು. ಅವ್ವನ ಮುಖ ನೋಡುವಂತಿರಲಿಲ್ಲ. ಓಡಿಬಂದು ಅಕ್ಕನ ಕಿವಿಯಲ್ಲಿ, "ಏಳ ಬೇ, ಸೀರಿ ಉಟ್ಕೋ ನಡಿ" ಎಂದಳು.

"ಕಾಕಾ ಒಳಗ ಅದಾರವ್ವ," ಎಂದಳು ಅಕ್ಕ. ತಲೆಗೂದಲ ತುಂಬ ಹೊಟ್ಟು, ಮೈಯೆಲ್ಲ ಮಣ್ಣು. ಬಂದವರ ಎದುರೇ ಇನ್ನಷ್ಟು ಜೋರಾಗಿ ಕೂಗಿದಳು, "ಕಾಕಾ!"

ಈ ಸಲ ಉತ್ತರ ಬರಲಿಲ್ಲ. ಮತ್ತೆ ಕೂಗಿದಳು. ಇಲ್ಲ.

ಅಪ್ಪ ಹಗ್ಗ ಜಗ್ಗತೊಡಗಿದ. ಹೆಣ್ಣು ನೋಡಲು ಬಂದ ಗಂಡು ಚಪ್ಪಲಿ ಕಿತ್ತೆಸೆದು ಓಡಿಬಂದು ಹಗೇವಿಗೆ ಇಳಿಯಲು ಕಾಲು ಹಾಕಿದ. ಅಕ್ಕ ಅವನ ತೋಳು ಹಿಡಿದು ಹಿಂದಕ್ಕೆಳೆದಳು.

"ಇಳೀಬ್ಯಾಡ್ರಿ! ಇಬ್ರೂ ಹೋಗ್ತೀರಿ! ಹಗ್ಗ ಹಿಡೀರಿ!"

ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಪಾಪ, ತೆಪ್ಪಗೆ ಹಗ್ಗ ಹಿಡಿದ. ಅಪ್ಪನೂ ಅವನೂ ಸೇರಿ ಜಗ್ಗಿದಾಗ ಕಾಕಾ ಜೋಲು ಬಿದ್ದ ತಲೆಯೊಂದಿಗೆ ಮೇಲೆ ಬಂದ. ಬಯಲು ಗಾಳಿಯಲ್ಲಿ ಮಲಗಿಸಿದೆವು. ಅಕ್ಕ ಕಿವಿಯ ಹತ್ತಿರವೇ ಕೂಗುತ್ತಿದ್ದಳು. ಕೊನೆಗೆ ಕಾಕಾ ಕೆಮ್ಮಿದ, ಕಣ್ಣುಬಿಟ್ಟ.

"ಕೇಳಸ್ತದವ್ವಾ... ಕಿವಿ ಒಡೀಬ್ಯಾಡ."

ನಾನು ಅಳುತ್ತಲೇ ನಕ್ಕೆ. ಅವ್ವನಿಗೆ ಮಾತ್ರ ಸಂಬಂಧ ತಪ್ಪಿತೆಂಬ ಚಿಂತೆ. ಆದರೆ ಗಂಡು ತನ್ನ ಬಿಳಿ ಅಂಗಿಯ ಮಣ್ಣು ಕೊಡವುತ್ತ ಅಪ್ಪನಿಗೆ ಹೇಳಿದ, "ನನಗ ಹುಡುಗಿ ಪಸಂದ್ ಅದಾಳ್ರಿ. ಇಂಥಾಕಿ ಬಾಗಲದಾಗ ಇದ್ರ ಎಲ್ಲಿ ಬೇಕಾದ್ರೂ ಹೋಗಿ ಬರ್ತೇನಿ."

ಮೊಮ್ಮಕ್ಕಳೇ, ಈಗ ನಮ್ಮ ಮನೆಯಲ್ಲಿ ಹಗೇವು ಇಲ್ಲ. ನಿಮ್ಮ ರೊಟ್ಟಿಯ ಹಿಟ್ಟು ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ನಿಮ್ಮ ಅಪ್ಪ ಸಕ್ಕರೆ ಕಾರ್ಖಾನೆಯ ದೊಡ್ಡ ಟಾಕಿಯೊಳಗೆ ಇಳಿಯುವ ಮೊದಲು ಗಾಳಿ ಅಳೆಯುವ ಯಂತ್ರ ಕುಂಯ್‌ಗುಟ್ಟುತ್ತದೆ, ಸೊಂಟಕ್ಕೂ ಹೆಗಲಿಗೂ ಪಟ್ಟಿ ಬಿಗಿಯುತ್ತಾರೆ. ನಾನು ಅವನನ್ನು ಕೇಳುವುದು ಒಂದೇ: "ಬಾಯಿಗೆ ಯಾರು ಕೂತಿದ್ದರೋ?"

ಅಕ್ಕನ ಮನೆಗೆ ಹೋದಾಗ ನೀವು ಕಿಸಿಕಿಸಿ ನಗುತ್ತೀರಲ್ಲ? ಅಂದು ಹಗ್ಗ ಹಿಡಿದ ಭಾವ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕು, ಅಕ್ಕ ಹೊರಗಿನಿಂದ ಓಣಿಗೇ ಕೇಳುವಂತೆ, "ಏನ್ ಮಾಡಾಕತ್ತೀರಿ?" ಎನ್ನುತ್ತಾಳೆ. "ಇದ್ದೇನಿ, ಇದ್ದೇನಿ!" ಎನ್ನುತ್ತಾರೆ ಭಾವ. ನೀವು ಅವಳು ಕೂಗಿದ ಕೂಡಲೇ ನಗುತ್ತೀರಿ. ನಾನೂ ನಗುತ್ತೇನೆ, ಆದರೆ ಭಾವನ ಉತ್ತರ ಬಂದ ಮೇಲೆ.