ಆ ಚಿಪ್ಪು ನಮ್ಮ ಮನೆಯದು

ಆ ಮೊಟ್ಟೆಯ ಚಿಪ್ಪು ನಮ್ಮ ಮನೆಯದು, ಶಾಲಿನಿ. ನಿನ್ನ ಮನೆಯದಲ್ಲ. ಕಸದ ಚೀಲ ಹರಿದು ಅದು ಲಿಫ್ಟಿನ ಮುಂದೆ ಚೆಲ್ಲಿದಾಗ ಅಲ್ಲಿ ನಿಂತಿದ್ದವರಲ್ಲಿ ನಿಜ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಎಲ್ಲರ ಕಣ್ಣು ನಿನ್ನ ಬಾಗಿಲಿನ ಕಡೆ ಹೊರಳುವ ಹಾಗೆ ಮಾಡಿದೆ. ಇಷ್ಟನ್ನು ಹೇಳುವುದಕ್ಕೆ, ಕಾಲಿಗೆ ತೊಡರುತ್ತಿದ್ದ ನನ್ನ ಮಗಳು ಕಾಲೇಜು ಸೇರುವಷ್ಟು ಕಾಲ ಹಿಡಿಯಿತು. ಥೂ, ಎಂಥ ಜನ್ಮ ನನ್ನದು.

ಗುಜರಾತಿನ ಅಡಾಜಣ್‌ನ ಈ ಮನೆಯನ್ನು ನಮಗೆ ಬಾಡಿಗೆಗೆ ಕೊಡುವಾಗ ಮಾಲೀಕರು ಕೇಳಿದ್ದು ಒಂದೇ ಮಾತು — ಮಾಂಸ, ಮೊಟ್ಟೆ ಇಲ್ಲ ತಾನೆ? ನನ್ನ ಗಂಡ ಬ್ಯಾಂಕಿನ ವರ್ಗಾವಣೆಯ ಆದೇಶ ತೋರಿಸುತ್ತಿದ್ದರೆ, ನಾನು ಮುಂದೆ ಬಿದ್ದು, ನಾವು ಮೈಸೂರಿನವರು, ಹುಟ್ಟಿದಾಗಿನಿಂದ ಸಸ್ಯಾಹಾರಿಗಳು ಎಂದು ಕೊಚ್ಚಿಕೊಂಡಿದ್ದೆ. ಇದೇ ಮಹಡಿಗೆ ಬಂದ ನೀವು ಕುಂದಾಪುರದ ಕಡೆಯವರು. ನಿನ್ನ ಯಜಮಾನರು ಉಧ್ನಾದ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ನಿನಗೂ ಅದೇ ಪ್ರಶ್ನೆ ಎದುರಾಗಿತ್ತು. ನೀನು ಮೀನು ಬಿಟ್ಟೇಬಿಟ್ಟೆ. "ಮಳೆ ಬಂತಂದ್ರೆ ಒಣಮೀನಿನ ನೆನಪಾಗ್ತದೆ ಅಕ್ಕ. ಎಂಥ ಮಾಡುದು, ಮಾತು ಕೊಟ್ಟಾಯ್ತಲ್ಲ," ಎಂದು ನಗುತ್ತಿದ್ದೆ. ಇಡೀ ಕಟ್ಟಡದಲ್ಲಿ ಅದನ್ನು ನೀನು ಹೇಳಿಕೊಂಡದ್ದು ನನ್ನ ಹತ್ತಿರ ಮಾತ್ರ.

ನಿನ್ನ ಸೇಬಿನ ಕೇಕು! ಸೇಬನ್ನು ತುರಿದು, ಬೆಲ್ಲದ ಜೊತೆ ಬಾಣಲೆಯಲ್ಲಿ ಬಾಡಿಸಿ, ಮೊಸರಿಗೆ ಸೋಡಾ ಹಾಕಿ ಅದು ನೊರೆಯುಕ್ಕುವವರೆಗೆ ಕಾದು — "ಮೊಸರು ಉಬ್ಬಿದ್ರೆ ಮೊಟ್ಟೆ ಯಾಕೆ ಮಾರಾಯ್ರೆ?" ಎನ್ನುತ್ತಿದ್ದೆ ನೀನು. ದಾಲ್ಚಿನ್ನಿಯ ಜೊತೆ ಚೂರು ಏಲಕ್ಕಿ, ಇಲ್ಲಿಯವರ ನಾಲಿಗೆಗೆ. ಎದುರುಮನೆಯ ಕಾಂತಾಬಾ ಜೈನರು, ಅಂಗಡಿಯ ಬಿಸ್ಕತ್ತನ್ನೂ ಅನುಮಾನಿಸುವವರು. ಅವರೇ ನಿನ್ನ ಕೇಕು ತಿಂದರು. ಸೂರ್ಯ ಮುಳುಗಿದ ಮೇಲೆ ಅವರು ಏನನ್ನೂ ಮುಟ್ಟುವುದಿಲ್ಲವೆಂದು, ನೀನು ಕಿಟಕಿಯಲ್ಲಿ ಬಿಸಿಲು ನೋಡಿಕೊಂಡು ಅವರ ಪಾಲನ್ನು ಮೊದಲು ತೆಗೆದು ಓಡುತ್ತಿದ್ದೆ. ಅವರು ತಿಂದರೆಂದ ಮೇಲೆ ಇಡೀ ಸೊಸೈಟಿ ತಿಂದಿತು. ಹುಟ್ಟುಹಬ್ಬವೆಂದರೆ ನಿನ್ನದೇ ಕೇಕು.

ನನಗೆ ಹೊಟ್ಟೆಯುರಿ. ಸುಮ್ಮನೆ ಯಾಕೆ ಮುಚ್ಚಿಡಲಿ? ಮನೆಯಲ್ಲಿ ತುತ್ತಿಗೊಂದು ರಂಪ ಮಾಡುವ ನನ್ನ ಮೇಘಾ ನಿನ್ನ ಮನೆಯಲ್ಲಿ ತಟ್ಟೆ ನೆಕ್ಕಿ ಬರುತ್ತಿದ್ದಳು. ನಾನೂ ಒಮ್ಮೆ ಮಾಡಿ ನೋಡಿದೆ. "ಅಮ್ಮ, ಇದು ಕೇಕಲ್ಲ, ಈಂಟ್," ಎಂದಳು — ಇಟ್ಟಿಗೆಗೆ ಕನ್ನಡ ಪದ ಅವಳಿಗೆ ತಿಳಿಯದು. ನೀನೂ ನಕ್ಕೆ, ನಾನೂ ನಕ್ಕೆ. ಒಳಗೆ ನಾನು ನಗಲಿಲ್ಲ.

ಆ ಹೊತ್ತಿಗೇ ಮೇಘಾಳ ರಕ್ತ ಕಡಿಮೆಯಾಗಿದೆ, ದಿನಕ್ಕೊಂದು ಮೊಟ್ಟೆ ಕೊಡಿ ಎಂದರು ಡಾಕ್ಟರು. ಕೊಟ್ಟೆ. ಅದು ತಪ್ಪೆಂದು ಈಗಲೂ ನನಗೆ ಅನಿಸುವುದಿಲ್ಲ. ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಬೇಯಿಸುತ್ತಿದ್ದೆ. ಯಾರಿಗಾದರೂ ಹೇಳಿದರೆ ಜೋಕೆ ಎಂದು ಮಗುವನ್ನು ಗದರಿಸಿದ್ದೆ. ಚಿಪ್ಪನ್ನು ನನ್ನ ಗಂಡ ಬ್ಯಾಗಿನಲ್ಲಿ ಒಯ್ದು ಎಲ್ಲೋ ದೂರದಲ್ಲಿ ಎಸೆದು ಹೋಗುತ್ತಿದ್ದರು. ಅವರು ಊರಿನಲ್ಲಿಲ್ಲದ ದಿನ ನಾನು ಸೋಮಾರಿತನದಿಂದ ಮಹಡಿಯ ಕಸದ ಡಬ್ಬಿಗೆ ಹಾಕಿದೆ. ಬೆಕ್ಕು ಆ ಕಸದ ಚೀಲವನ್ನು ಎಳೆದಾಡಿ ಹರಿಯಿತು.

"ಆ ಕೋನು ಛೇ?" — ಇದು ಯಾರದು? ಕಾಂತಾಬಾ ಕೇಳಿದ್ದು ಅಷ್ಟೇ. ಸೆರಗಿನಿಂದ ಮೂಗು ಮುಚ್ಚಿಕೊಂಡ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನನ್ನನ್ನು ನೋಡಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ನನಗೆ ಬಾಯಿ ತಡೆಯಲಿಲ್ಲ. ಹಿಂದಿಯಲ್ಲಿ ಹೇಳಿದೆ: "ಕೇಕ್ ತೋ ಶಾಲಿನಿ ಕೇ ಘರ್ ಮೇಂ ಬನತಾ ಹೈ..." ಕೇಕು ಆಗುವುದು ಶಾಲಿನಿಯ ಮನೆಯಲ್ಲಲ್ಲವೇ. ಆಮೇಲೆ, ಯಾರೂ ಕೇಳದೆ, ಇನ್ನೊಂದು ಸೇರಿಸಿದೆ — ಅವರ ಊರಿನ ಕಡೆ ಮೀನೂ ತಿನ್ನುತ್ತಾರೆ ಎಂದು.

ಎರಡೂ ನಿಜವೇ. ಒಂದು ಸುಳ್ಳೂ ಆಡಲಿಲ್ಲ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

ಆವತ್ತೇ ನೀನು ಬಂದೆ. ಕೈಯಲ್ಲಿ ಇನ್ನೂ ಹಿಟ್ಟು. "ಅಕ್ಕ, ನೀವೊಂದು ಮಾತು ಹೇಳಿ ಮಾರಾಯ್ರೆ. ನನ್ನ ಅಡಿಗೆಮನೆ ಮೂಲೆಮೂಲೆ ನೀವು ನೋಡಿದ್ದೀರಿ. ನೀವು ಹೇಳಿದ್ರೆ ಅವರು ನಂಬ್ತಾರೆ."

ನಾನು ಏನೆಂದೆ? ನಿನಗೆ ನೆನಪಿಲ್ಲದೆ ಇರುತ್ತದೆಯೇ... "ನನಗೇನು ಗೊತ್ತಾಗುತ್ತೆ ಶಾಲಿನಿ? ನಾನೇನು ದಿನವಿಡೀ ನಿನ್ನ ಮನೇಲಿ ಕೂತಿರ್ತೀನಾ?"

ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ, "ಆಯ್ತು ಅಕ್ಕ," ಎಂದು ಹೋದೆ. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಕೇಕು ಕೇಳುವವರು ನಿಂತರು. ನಿನ್ನನ್ನು ಕಂಡರೆ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಿಮ್ಮ ಮನೆಯ ಮಾಲೀಕರು ಬಂದು ಮನೆ ಬಿಡಿ ಎಂದರು. ಕಾಂತಾಬಾ ಕೇಕಿನಲ್ಲಿ ತಾವು ಮೊಟ್ಟೆ ತಿಂದುಬಿಟ್ಟೆವೆಂದು ನಂಬಿ, ಪ್ರಾಯಶ್ಚಿತ್ತಕ್ಕೆ ಉಪವಾಸ ಕೂತರು — ಕಾಯಿಸಿದ ನೀರು ಬಿಟ್ಟು ಏನೂ ಇಲ್ಲ. ಆ ವಯಸ್ಸಿನಲ್ಲಿ! ಗೋಡೆ ಹಿಡಿದು ನಡೆಯುವಂತಾದರು. ಉಪವಾಸ ಮುರಿಯುವ ದಿನ ಹೆಸರುಕಾಳಿನ ಕಟ್ಟು ಕೊಡಬೇಕು. ಅವರು ನನ್ನ ಕೈ ಹಿಡಿದುಕೊಂಡು, "ಅದನ್ನು ನಿನ್ನ ಕೈಯಿಂದಲೇ ಕುಡಿಯುತ್ತೇನೆ, ಈ ಮಹಡಿಯಲ್ಲಿ ನೀನೊಬ್ಬಳೇ 'ಚೋಖ್ಖಿ', ಶುದ್ಧಳು," ಎಂದರು. ಕೊಟ್ಟೆ, ಶಾಲಿನಿ. ಮೊಟ್ಟೆ ಬೇಯಿಸುವ ಪಾತ್ರೆ ಬೇರೆಯೇ ಇತ್ತು ನಿಜ. ಒಲೆ ಒಂದೇ ಇತ್ತು.

ನೀವು ವಡೋದರಾಕ್ಕೆ ಹೋದಿರಿ. ಮುಂದೆ ನಾವು ಇದೇ ಮನೆಯನ್ನು ಕೊಂಡುಕೊಂಡೆವು. ಪ್ರತಿ ವರ್ಷ ಪರ್ಯುಷಣ ಹಬ್ಬದ ಕೊನೆಯ ದಿನ ಜೈನರು ಎಲ್ಲರಲ್ಲೂ ಕ್ಷಮೆ ಕೇಳುತ್ತಾರಲ್ಲ, ಕಾಂತಾಬಾ ನನ್ನ ಬಾಗಿಲಿಗೂ ಬಂದು ಕೈಮುಗಿದು "ಮಿಚ್ಛಾಮಿ ದುಕ್ಕಡಂ" ಎನ್ನುತ್ತಾರೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸು ಎಂದು — ನನ್ನನ್ನು! ನಾನೂ ಅದೇ ಪದ ತಿರುಗಿಸಿ ಹೇಳಿ, ಕೂತುಕೊಳ್ಳಿ ಕಾಂತಾಬಾ, ನೀರು ಕುಡಿಯಿರಿ ಎನ್ನುತ್ತೇನೆ. ಪ್ರತಿ ವರ್ಷ ಬಾಯಿ ತೆರೆಯುತ್ತೇನೆ. ನೀರು ಎಂದಷ್ಟೇ ಹೊರಬರುತ್ತದೆ.

ಮೇಘಾ ಈಗ ವಡೋದರಾದಲ್ಲೇ ಓದುವುದು, ಫತೇಗಂಜ್‌ನ ಹಾಸ್ಟೆಲಿನಲ್ಲಿ ಇರುವುದು. ಮೊನ್ನೆ ರಜೆಗೆ ಬಂದವಳು ಚೀಲದಿಂದ ಒಂದು ಡಬ್ಬಿ ತೆಗೆದಳು. ಮುಚ್ಚಳ ತೆರೆಯುವ ಮೊದಲೇ ಏಲಕ್ಕಿಯ ವಾಸನೆ.

"ಅಮ್ಮ, ಶಾಲಿನಿ ಆಂಟಿ! ಹಾಸ್ಟೆಲ್ ಹತ್ರಾನೇ ಅವರ ಚಿಕ್ಕ ಶಾಪ್ ಇದೆ. ನನ್ನನ್ನ ಏಕ್‌ದಮ್ ಗುರ್ತು ಹಿಡಿದ್ರು. ಅಮ್ಮಂಗೆ ಕೊಡು ಅಂತ ಕೊಟ್ರು."

"ಏನಾದರೂ... ಹೇಳಿದಳೇ?"

"ಹಾಂ, ಫನ್ನಿ ಥಾ. 'ಈಗ್ಲೂ ಅಮ್ಮ ಕಿಟಕಿ ಮುಚ್ಚಿ ಮೊಟ್ಟೆ ಬೇಯಿಸಿ ಕೊಡ್ತಾರಾ?' ಅಂತ ಕೇಳಿದ್ರು. ನಾನೇ ಚಿಕ್ಕವಳಿದ್ದಾಗ ಹೇಳಿದ್ದೆ ಅವರಿಗೆ, ಕೇಕ್ ತಿಂತಾ. ನೀನು ಯಾರಿಗೂ ಹೇಳಬೇಡ ಅಂದಿದ್ದೆ ಅಲ್ವಾ? ಯಾರಿಗೂ ಹೇಳಲ್ಲ ಅಂತ ಅವರು ಪ್ರಾಮಿಸ್ ಮಾಡಿದ್ರು."

ನಿನಗೆ ಗೊತ್ತಿತ್ತು. ಹಿಟ್ಟಿನ ಕೈಯಲ್ಲಿ ನನ್ನ ಮುಂದೆ ನಿಂತು "ನೀವೊಂದು ಮಾತು ಹೇಳಿ" ಎಂದಾಗಲೇ ಗೊತ್ತಿತ್ತು. ಲಿಫ್ಟಿನ ಮುಂದೆ ನಿಂತು ಒಮ್ಮೆ ಕೂಗಿದ್ದರೆ ಮನೆ ಬಿಡುವವರು ನಾವಾಗುತ್ತಿದ್ದೆವು. ನೀನು ಕೂಗಲಿಲ್ಲ. ಮಗುವಿಗೆ ಕೊಟ್ಟ ಮಾತನ್ನು ಉಳಿಸಿಕೊಂಡು, ನಾನಾಗಿಯೇ ಹೇಳಲಿ ಎಂದು ಕಾದೆ. ನಾನೋ, ನಿನ್ನ ಗುಟ್ಟನ್ನೂ ಬೀದಿಗೆ ಚೆಲ್ಲಿ, ನನ್ನದನ್ನೂ ನಿನ್ನ ತಲೆಗೆ ಕಟ್ಟಿದೆ.

ನಿನ್ನೆ ಬಿಸಿಲು ಇಳಿಯುವ ಮೊದಲು ನಿನ್ನ ಡಬ್ಬಿಯನ್ನು ನಮ್ಮ ತಟ್ಟೆಯ ಮೇಲಿಟ್ಟುಕೊಂಡು ಕಾಂತಾಬಾ ಬಾಗಿಲು ತಟ್ಟಿದೆ. ತಟ್ಟೆಯನ್ನು ಹೊಸ್ತಿಲಿನ ಒಳಗಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ — ಚಿಪ್ಪು, ಮೀನಿನ ಮಾತು, ಹೆಸರುಕಟ್ಟು, ಒಲೆ. ಆಗ ಮಗಳಿಗೆ ರಕ್ತ ಕಡಿಮೆಯಿತ್ತೆಂಬ ನೆಪ ಬಾಯಿಯವರೆಗೆ ಬಂದಿತ್ತು, ನುಂಗಿದೆ. ಅವರು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಶಾಲಿನಿಯೇ ಮಾಡಿದ್ದಾ?" ಎಂದು ಗುಜರಾತಿಯಲ್ಲಿ ಕೇಳಿದರು. ಹೌದೆಂದೆ. ಡಬ್ಬಿಯನ್ನು ಎತ್ತಿಕೊಂಡು, ಒಳಗಿನಿಂದ ತಮ್ಮದೇ ತಟ್ಟೆ ತಂದು, ಕಿಟಕಿಯ ಬಿಸಿಲನ್ನು ಒಮ್ಮೆ ನೋಡಿ, ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಕಣ್ಣೀರು ಸುರಿಯುತ್ತಿತ್ತು. ನನ್ನ ತಟ್ಟೆಯನ್ನು ಹೊಸ್ತಿಲಿನ ಆಚೆ ನೆಲದ ಮೇಲಿಟ್ಟು ಬಾಗಿಲು ಹಾಕಿಕೊಂಡರು.

ಅದನ್ನು ಎತ್ತಿಕೊಂಡು ಬಂದೆ. ಈ ಕಟ್ಟಡದಲ್ಲಿ ಇನ್ನೂ ಬಾಗಿಲುಗಳಿವೆ, ನಿನ್ನ ಕೇಕು ತಿಂದು ಆಮೇಲೆ ನಿನ್ನನ್ನು ಕಂಡರೆ ಮುಖ ತಿರುಗಿಸಿದವರವು. ಒಂದೊಂದನ್ನೂ ತಟ್ಟುತ್ತೇನೆ. ಆಮೇಲೆ ಫತೇಗಂಜ್‌ಗೆ ಬರುತ್ತೇನೆ. ನೀನು ನನ್ನನ್ನು ಒಳಗೆ ಕರೆಯಬೇಡ, ಶಾಲಿನಿ. ನಿನ್ನ ಅಂಗಡಿಯ ಮುಂದೆ, ನಾಲ್ಕು ಜನ ಇರುವ ಹೊತ್ತು ನೋಡಿ, ಹೊರಗೆ ನಿಂತೇ ಹೇಳುತ್ತೇನೆ.