ಸೊಪ್ಪು ತರಬೇಕಿದ್ದ ಕಾರು

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಬಿಡದಿಯಲ್ಲಿ ಬಸ್ಸು ಹತ್ತಿ, ರಾಮನಗರದಲ್ಲಿ ಇಳಿದು, ಮಾಗಡಿ ರಸ್ತೆಯ ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಊರು ಮುಟ್ಟಿದಾಗ ನನಗೆ ಬೇಕಾಗಿದ್ದದ್ದು ಒಂದು ಲೋಟ ಮಜ್ಜಿಗೆ, ಒಂದು ಚಾಪೆ. ಮನೆ ಮುಂದಿನ ಹೊಂಗೆ ಮರದ ಹತ್ತಿರ ಬರುತ್ತಲೇ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಅಣ್ಣ ಕಾರಿನ ಮುಂದೆ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಬಂದ್ಯಾ? ಬ್ಯಾಗ್ ಬಿಸಾಕು, ಬಾ ಇಲ್ಲಿ. ತಿರುಗ್ಸಿ ತಿರುಗ್ಸಿ ರಟ್ಟೆ ಬಿದ್ದೋಯ್ತು. ಸೊಪ್ಪಿಗೆ ಹೋಗ್ಬೇಕು ಕಣ್ಲಾ."

ನಾನು ಬ್ಯಾಗನ್ನು ಜಗಲಿಯ ಮೇಲಿಟ್ಟೆ. ಮಜ್ಜಿಗೆ ಕೇಳಲು ಒಳಗೆ ಯಾರೂ ಇರಲಿಲ್ಲ. ಅವ್ವ, ಅತ್ತಿಗೆ ಇಬ್ಬರೂ ಹಿತ್ತಲ ಆಚೆಯ ಹುಳುಮನೆಯಲ್ಲಿದ್ದರು.

ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ಕೊನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಲೆಕ್ಕವಿಲ್ಲ. ಗೂಡು ಕಟ್ಟಲು ಶುರುಮಾಡುವ ತನಕ ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಆಗ ಉಪವಾಸ ಕೆಡವಿದರೆ ಗೂಡು ಕಾಗದದ ಹಾಗಾಗುತ್ತದೆ. ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ಅಂಥ ಗೂಡನ್ನು ಬೆರಳಲ್ಲಿ ಒತ್ತಿ ನೋಡಿ, ಮಾತಾಡದೆ ಪಕ್ಕದ ರಾಶಿಗೆ ಹೋಗಿಬಿಡುತ್ತಾರೆ.

ರೇಷ್ಮೆಗೆ ಒಳ್ಳೆಯ ಕಾಲ ಬಂದಿತ್ತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಆ ಹುಮ್ಮಸ್ಸಿನಲ್ಲಿ ಅಣ್ಣ ಆ ಸಲ ನಮ್ಮ ತೋಟದ ಸೊಪ್ಪಿಗೆ ಮೀರಿ ಹುಳುವಿನ ಮೊಟ್ಟೆ ತಂದು ಇಟ್ಟಿದ್ದ. ತೋಟ ಬೋಳಾಗಿತ್ತು. ತಿಪ್ಪಸಂದ್ರದ ಕಡೆಯ ದೊಡ್ಡಮ್ಮನ ಮನೆಯವರು ಸೊಪ್ಪು ಕೊಯ್ದಿಡುತ್ತೇವೆ, ಬಂದು ಒಯ್ಯಿರಿ ಎಂದು ಹೇಳಿ ಕಳಿಸಿದ್ದರು. ಅದು ಸಂಜೆಯೊಳಗೆ ಬರಬೇಕು, ಇಲ್ಲವೆಂದರೆ ಒಂದು ಬೆಳೆ ಹೋದಂತೆಯೇ. ಊರಿನ ಒಂದೇ ಟೆಂಪೋ ಯಾರದೋ ಗೂಡು ಹೇರಿಕೊಂಡು ಹೋಗಿತ್ತು. ನಮ್ಮ ಮನೆಯಲ್ಲಿ ಗಾಡಿಯಿತ್ತು, ಎತ್ತುಗಳಿರಲಿಲ್ಲ. ಎತ್ತು ಮಾರಿಯೇ ಅಣ್ಣ ಕಾರು ತಂದದ್ದು.

ಅದೊಂದು ಹಳೆಯ ಸ್ಪೋರ್ಟ್ಸ್ ಕಾರು. ಬೆಂಗಳೂರಿನ ಯಾವುದೋ ದೊಡ್ಡವರ ಮನೆಯ ಶೋಕಿಗೆ ಹಡಗಿನಲ್ಲಿ ಬಂದು, ಕೈಯಿಂದ ಕೈಗೆ ದಾಟಿ, ರಾಮನಗರದ ಒಬ್ಬ ರೀಲರ್ ಸಾಹೇಬರ ಅಂಗಳದಲ್ಲಿ ನಿಂತಿತ್ತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮೇಲೆ ಮಡಚುವ ಕ್ಯಾನ್ವಾಸು. ಅಣ್ಣ ಅದರ ಎಡಗಡೆಯ ಸೀಟು ಕಿತ್ತು ಗೋಣಿಚೀಲ ಹಾಸಿದ್ದ. ಕ್ಯಾನ್ವಾಸು ಮಡಚಿ ಅಲ್ಲಿ ಸೊಪ್ಪಿನ ಹೊರೆ ಪೇರಿಸಿಕೊಂಡು ಬರುತ್ತಿದ್ದ. ಊರಿನವರು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟಿದ್ದರು.

ಅಣ್ಣ ಕಿವಿಯಿಂದ ಬೀಡಿ ತೆಗೆದ.

"ಅದನ್ನ ಒಳಗಿಡಣ್ಣ. ಇಷ್ಟೊಂದು ಪೆಟ್ರೋಲ್ ಚೆಲ್ಲೈತೆ, ಇಬ್ರೂ ಒಟ್ಟಿಗೆ ಹೋಗ್ಬಿಡ್ತೀವಿ."

"ಹೋದ್ರೆ ಒಸಿ ನಿದ್ದೆನಾದ್ರೂ ಆಯ್ತದೆ," ಎಂದ. ಆದರೂ ಬೀಡಿಯನ್ನು ಕಿವಿಗೇ ಸಿಕ್ಕಿಸಿದ.

ನಮ್ಮ ವಂಶದಲ್ಲಿ ಡಿಗ್ರಿ ಪಾಸು ಮಾಡಿದ ಮೊದಲನೆಯವನು ನಾನು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಭಾನುವಾರಗಳಲ್ಲಿ ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ತೊಳೆದು ಊಟದ ಖರ್ಚು ಹುಟ್ಟಿಸಿಕೊಂಡವನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಗೋಡೆಗೆ ನೇತುಹಾಕಿದ ಪದವಿಯ ಕಾಗದ ಎಷ್ಟು ನನ್ನದೋ ಆ ಕೈಕೆಲಸವೂ ಅಷ್ಟೇ ನನ್ನದು. ಆದರೆ ಆ ಮಧ್ಯಾಹ್ನ ಎರಡೂ ಬೇಡವಾಗಿತ್ತು. ವಾರವಿಡೀ ಎಂಟನೇ ತರಗತಿಗೆ ಕೂಗಿ ಗಂಟಲು ಕೂತಿತ್ತು, ಮೊಣಕಾಲು ಬಸ್ಸಿನಲ್ಲೇ ಉಳಿದಂತಿತ್ತು.

"ಚೋಕ್ ಎಳೆದಿದ್ಯಾ?"

"ಎಳೆದೆ, ಹಿಡೀಲಿಲ್ಲ. ಇನ್ನೊಂದ್ ದಪ ಎಳೆದೆ."

ಎಂಜಿನ್ನಿಗೆ ಹೊಟ್ಟೆಬಿರಿಯ ಪೆಟ್ರೋಲ್ ಕುಡಿಸಿದ್ದ. ಪ್ಲಗ್ಗುಗಳನ್ನು ಬಿಚ್ಚಿದೆ, ಎಲ್ಲ ತೊಟ್ಟಿಕ್ಕುತ್ತಿದ್ದವು. ಒರೆಸಿ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟೆ. ಕಿಡಿ ಹಾರದ ಹಾಗೆ ಕಾಯಿಲ್‌ನ ತಂತಿ ಕಿತ್ತೆ, ಚೋಕನ್ನು ಒಳಗೆ ತಳ್ಳಿದೆ, ಆಕ್ಸಿಲರೇಟರ್ ಮೇಲೆ ಇಟ್ಟಿಗೆ ಇಟ್ಟು ಪೂರ್ತಿ ಒತ್ತಿಸಿದೆ. ಅಣ್ಣ ಹ್ಯಾಂಡಲ್ ತಿರುಗಿಸಿದ. ಪ್ಲಗ್ಗಿನ ತೂತುಗಳಿಂದ ಪೆಟ್ರೋಲ್ ಹಬೆ ಉಸ್ ಉಸ್ ಎಂದು ಹೊರಗೆ ಬಂತು. ಒಳಗೆ ಒಣಗಿತು ಅನ್ನಿಸಿದ ಮೇಲೆ ಪ್ಲಗ್ಗು ಕೂರಿಸಿ, ತಂತಿ ಸಿಕ್ಕಿಸಿ, ಮತ್ತೆ ತಿರುಗಿಸಿದೆವು. ಒಂದು ಸಲ ಕೆಮ್ಮಿತು. ಅಣ್ಣ ನನ್ನ ಮುಖ ನೋಡಿದ. ಆಮೇಲೆ ಕಾರ್ಬೊರೇಟರಿನ ಕೆಳಗಿನಿಂದ ಮತ್ತೆ ತೊಟ್ ತೊಟ್ ಎಂದು ಪೆಟ್ರೋಲ್ ಸುರಿಯಲು ಶುರುವಾಯಿತು.

ನಾನು ಮಣ್ಣಿನ ಮೇಲೆ ಕೂತುಬಿಟ್ಟೆ.

"ಏನ್ಲಾ ಮೇಷ್ಟ್ರೇ, ಕುಂತ್ಕಂಡ್ರೆ ಪಾಠ ಮುಗೀತಾ?"

"ತಡಿ. ಇದು ಚೋಕಿನ ತಪ್ಪಲ್ಲ. ಪೆಟ್ರೋಲ್ ಒಳಗೆ ನಿಲ್ತಾನೇ ಇಲ್ಲ."

ಕಾರ್ಬೊರೇಟರಿನ ಹೊಟ್ಟೆಯಲ್ಲಿ ಒಂದು ಸಣ್ಣ ಬುರುಡೆ ತೇಲುತ್ತಿರುತ್ತದೆ. ಪೆಟ್ರೋಲ್ ತುಂಬಿ ಬುರುಡೆ ಮೇಲೇರಿದಾಗ ಒಂದು ಸೂಜಿ ಹೋಗಿ ದಾರಿ ಮುಚ್ಚಬೇಕು. ಮುಚ್ಚಳದ ತಿರುಪು ಬಿಚ್ಚಿ ಸೂಜಿಯನ್ನು ಎತ್ತಿ ನೋಡಿದೆ. ಅದು ಕೂರುವ ಜಾಗದಲ್ಲಿ ಕೂದಲಿಗಿಂತ ಸಣ್ಣದೊಂದು ಎಳೆ ಸಿಕ್ಕಿಕೊಂಡಿತ್ತು. ಎಳೆದೆ. ಬಿಳಿ ಎಳೆ, ಹರಿಯಲೇ ಇಲ್ಲ. ಅದರ ಹಿಂದೆ ಇನ್ನೊಂದು ಬಂತು. ಬೆರಳಿಗೆ ಸುತ್ತಿ ಅಣ್ಣನ ಕಣ್ಣೆದುರು ಹಿಡಿದೆ. ಅಣ್ಣ ಹೊಂಗೆ ಮರ ನೋಡತೊಡಗಿದ.

"ಟ್ಯಾಂಕಿನ ಮುಚ್ಚಳ ಎಲ್ಲಣ್ಣ?"

"ಎಲ್ಲೋ ಬಿದ್ದೋಯ್ತು."

"ಅದರ ಬಾಯಿಗೆ ಏನಿಟ್ಟಿದ್ದೀಯ?"

"ಮನೇಲಿ ಏನೈತೋ ಅದೇ."

ಹೋಗಿ ನೋಡಿದೆ. ಗೂಡು ಬಿಡಿಸುವಾಗ ಮೇಲಿನಿಂದ ಕಿತ್ತುಬರುವ ನೂಲಿನ ಕಸವನ್ನು ಮುಷ್ಟಿಯಷ್ಟು ಉಂಡೆ ಮಾಡಿ ಟ್ಯಾಂಕಿನ ಬಾಯಿಗೆ ತುರುಕಿದ್ದ. ಅರ್ಧ ಉಂಡೆ ಆಗಲೇ ಒಳಗೆ ಬಿದ್ದಿತ್ತು.

"ಹತ್ತಿ ಆದ್ರೆ ಬಿಟ್ಕೊಳ್ತದೆ, ರೇಷ್ಮೆ ಗಟ್ಟಿ ಅಂತ ಇಟ್ಟೆ ಕಣ್ಲಾ."

"ಪೆಟ್ರೋಲ್ ಟ್ಯಾಂಕಿಗೆ ರೇಷ್ಮೆ ಪೇಟ ಕಟ್ಟಿದೋನು ಈ ಜಿಲ್ಲೇಲಿ ನೀನೊಬ್ನೇ ಕಣಣ್ಣ."

ನಗಬೇಕಾದ ಮಾತು. ನಕ್ಕು ಉಸಿರು ಖರ್ಚು ಮಾಡುವ ಬದಲು ಅಣ್ಣ ಹೋಗಿ ಬಕೆಟ್ಟು ತಂದ.

ಆಮೇಲಿನದು ಬರೀ ದುಡಿತ. ಟ್ಯಾಂಕಿನ ಪೆಟ್ರೋಲನ್ನು ಬಕೆಟ್ಟಿಗೆ ಬಿಟ್ಟು ಪಂಚೆಯಲ್ಲಿ ಸೋಸಿದೆವು. ಪೈಪಿಗೆ ಬಾಯಿಟ್ಟು ಊದಿದೆ. ನಾಲಿಗೆ ಉರಿಯಿತು. ಬಿಚ್ಚಿದ ಸಾಮಾನನ್ನು ಮಣ್ಣಾಗದಿರಲಿ ಎಂದು ಕಾರಿನೊಳಗಿನ ಗೋಣಿಚೀಲದ ಮೇಲೆ ಹರಡಿದೆವು. ಬಕೆಟ್ಟನ್ನೂ ಅಲ್ಲೇ ಇಟ್ಟೆವು, ಅದು ಒಂದಿಷ್ಟು ತುಳುಕಿತು. ಸೋಸಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿದು, ಬಾಯಿಗೆ ತಗಡಿನ ಮುಚ್ಚಳ ಇಟ್ಟು ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆ. ಎಲ್ಲ ಜೋಡಿಸಿ ಹ್ಯಾಂಡಲ್ ತಿರುಗಿಸಿದರೆ ಕಪ್ಪೆ ಒಂದೇ ಏಟಿಗೆ ಗುರ್ರ್ ಎಂದಿತು.

ಆ ಸದ್ದಿಗೆ ಅವ್ವ ಹುಳುಮನೆಯಿಂದ ಎದ್ದು ಬಂದಳು. ಕಾರಿನ ಹತ್ತಿರ ಬಂದು, ಬಗ್ಗಿ, ಗೋಣಿಚೀಲದ ಒಂದು ಮೂಲೆ ಎತ್ತಿ ಮೂಸಿದಳು.

"ಇದ್ರಲ್ಲಿ ಸೊಪ್ಪು ತತ್ತೀರಾ?"

ಹುಳುಮನೆಯ ಹತ್ತಿರ ಊದುಬತ್ತಿ ಹಚ್ಚುವುದಿಲ್ಲ, ಒಗ್ಗರಣೆಯ ಘಾಟು ಬಿಡುವುದಿಲ್ಲ, ಹೂ ಮುಡಿದು ಒಳಗೆ ಹೋಗುವುದಿಲ್ಲ. ನಡೆಯಲು ಕಲಿತ ಮಗುವಿಗೂ ನಮ್ಮ ಮನೆಯಲ್ಲಿ ಇದು ಗೊತ್ತು. ವಾಸನೆ ಬಡಿದರೆ ಹುಳು ಸೊಪ್ಪಿನಿಂದ ಮುಖ ತಿರುಗಿಸುತ್ತವೆ. ಪೆಟ್ರೋಲ್ ಹೀರಿದ ಸೊಪ್ಪಾದರೆ ಸಾಕುವ ಬಿದಿರಿನ ತಟ್ಟೆಗಳಲ್ಲಿ ರಾಶಿಗಟ್ಟಲೆ ಸಾಯುತ್ತವೆ. ಅಣ್ಣನಿಗೆ ಇದು ತಿಳಿಯದ ವಿಷಯವಲ್ಲ, ನನಗೂ ಅಲ್ಲ. ಕಾರು ಹೊರಟರೆ ಸಾಕು ಅನ್ನುವಲ್ಲಿಗೆ ನಮ್ಮ ತಲೆ ನಿಂತುಹೋಗಿತ್ತು.

"ಒಬ್ನು ಎತ್ತು ಮಾರ್ದ, ಇನ್ನೊಬ್ನು ಬಿ.ಎಸ್ಸಿ. ಓದ್ದ," ಎಂದಳು ಅವ್ವ. "ಸೊಪ್ಪು ಬಂದ್ರೆ ಹೇಳಿ. ಹೆಂಗಾರ ಬರ್ಲಿ, ಇದ್ರಲ್ಲಿ ಬ್ಯಾಡ." ಸೆರಗಿನಿಂದ ಕೈ ಒರೆಸಿಕೊಂಡು ಹೋದಳು.

"ಏಳು," ಎಂದ ಅಣ್ಣ. "ಅಲ್ಲಿಗಾದ್ರೂ ಹೋಗಾನ. ಅಲ್ಲಿ ಯಾವ್ದಾರ ಗಾಡಿ ಸಿಕ್ಕೇ ಸಿಕ್ತದೆ."

ನಾನು ಗೋಣಿಚೀಲದ ಮೇಲೆ ಕಾಲು ಮಡಚಿ ಕೂತೆ. ಮಾಗಡಿ ದಾಟುವಾಗ ತೂಕಡಿಸಿ ಎರಡು ಸಲ ತಲೆಯನ್ನು ಬಾಗಿಲಿಗೆ ಹೊಡೆಸಿಕೊಂಡೆ. ದೊಡ್ಡಮ್ಮನ ಮನೆಯಲ್ಲಿ ಸೊಪ್ಪಿನ ಹೊರೆಗಳನ್ನು ಒದ್ದೆ ಗೋಣಿ ಹೊದಿಸಿ ನೆರಳಿಗಿಟ್ಟಿದ್ದರು. ಅವರ ಗಾಡಿ ಸಂತೆಗೆ ಹೋಗಿತ್ತು. ರಸ್ತೆಯಲ್ಲಿ ನಿಂತು ನೋಡಿದೆವು. ಬಂದದ್ದು ಸಂಜೆಯ ಹಾಲು ಒಯ್ಯುವ ವ್ಯಾನು. ಡ್ರೈವರ್ ನಡುವಯಸ್ಸಿನವನು, ಕೊರಳಿಗೆ ಟವೆಲ್. ಅಣ್ಣ ಕೈ ಅಡ್ಡ ಹಾಕಿ ವಿಷಯ ಹೇಳಿದ. ಡ್ರೈವರ್ ಕಾರನ್ನೇ ನೋಡುತ್ತಿದ್ದ.

"ಏನ್ ಸ್ವಾಮಿ, ಇಂಥ ಕಾರಿಟ್ಕಂಡು ಸೊಪ್ಪು ನನ್ ವ್ಯಾನಿಗೆ ಹಾಕ್ತೀರಾ?"

"ಇದು ಹುಲಿ ಸಾಕ್ದಂಗೆ ಕಣಣ್ಣ. ನೋಡಕ್ಕೆ ಚೆಂದ, ನೊಗ ಕಟ್ಟಕ್ಕಾಗಲ್ಲ."

ಡ್ರೈವರ್ ನಕ್ಕ. ಇಳಿದು ಬಂದು ಸ್ಟೇರಿಂಗ್ ಮೇಲೆ ಕೈ ಸವರಿದ. "ಹಾಕಿ. ಆದ್ರೆ ನಿಮ್ಮೂರ್ ಗಂಟ ಇದನ್ನ ನಾನು ಓಡಿಸ್ತೀನಿ. ವ್ಯಾನ್ ನೀವ್ ತನ್ನಿ. ಹಾಲಿನ ಕ್ಯಾನ್ ಉರುಳ್ಸಬ್ಯಾಡಿ."

ಹಾಗೆಯೇ ಆಯಿತು. ಮುಂದೆ ಅಣ್ಣ, ಹಾಲಿನ ಕ್ಯಾನುಗಳ ನಡುವೆ ಸೊಪ್ಪು ತುಂಬಿದ ವ್ಯಾನಿನಲ್ಲಿ. ಹಿಂದೆ ಖಾಲಿ ಕಾರಿನಲ್ಲಿ ಹಾಡಿಕೊಳ್ಳುತ್ತಾ ಹಾಲಿನ ಡ್ರೈವರ್, ಅವನ ಪಕ್ಕ ನೆಲದ ಮೇಲೆ ನಾನು. "ಮುಂದಕ್ಕೆ ಹಾಕ್ಲಾ ಸ್ವಾಮಿ?" ಎಂದು ಕೇಳುತ್ತಲೇ ಇದ್ದ. "ಬೇಡ, ಸೊಪ್ಪಿನ ಹಿಂದೇನೇ ಇರಿ," ಅನ್ನುತ್ತಲೇ ಇದ್ದೆ. ಕಣ್ಣು ಮುಚ್ಚಿದರೆ ಹೊರೆಯೊಂದು ಉದುರಿ ಬಿದ್ದೀತು ಎಂಬ ಭಯಕ್ಕೆ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡಿದ್ದೆ.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕಾರನ್ನು ದೂರವೇ ನಿಲ್ಲಿಸಿದೆವು. ಅತ್ತಿಗೆ ಹೊರೆಗಳನ್ನು ವ್ಯಾನಿನಿಂದ ನೇರ ಹಿತ್ತಲಿಗೆ ಹೊತ್ತಳು. ಅವ್ವ ಮೊದಲ ಹೊರೆ ಬಿಚ್ಚಿ ಒಂದೊಂದೇ ಹಿಡಿ ಮೂಸಿದಳು. ಎಲ್ಲ ತಟ್ಟೆಗೂ ಹಾಕಲಿಲ್ಲ, ಬಾಗಿಲ ಬಳಿಯ ಒಂದೇ ತಟ್ಟೆಗೆ ಹರಡಿ ಬಗ್ಗಿ ನಿಂತಳು. ಮೈಯೆಲ್ಲ ಪೆಟ್ರೋಲ್ ನಾರುತ್ತಿದ್ದ ನಾನೂ ಅಣ್ಣನೂ ಬೇಲಿಯಾಚೆಯಿಂದ ಅವಳ ಬೆನ್ನನ್ನೇ ನೋಡುತ್ತಿದ್ದೆವು. ಹಾಲು ಕೆಡುತ್ತದೆ ಎಂಬುದನ್ನೂ ಮರೆತು ವ್ಯಾನಿನ ಡ್ರೈವರೂ ನಮ್ಮ ಪಕ್ಕದಲ್ಲಿ ನಿಂತಿದ್ದ.

ಬಹಳ ಹೊತ್ತಾದ ಮೇಲೆ ಅವ್ವ ಸೊಂಟ ನೆಟ್ಟಗೆ ಮಾಡಿಕೊಂಡಳು.

"ತಿಂತಾವೆ ಕಣ್ರಪ್ಪ," ಎಂದಳು, ತಿರುಗಿ ನೋಡದೆ. "ಇನ್ನೊಂದು ಹೊರೆ ಬಿಚ್ಚಮ್ಮಿ."